ಉಸಿರು ಕೇಳುವಷ್ಟೇ ಮಂದಿ

ನಾನು ಮೊದಲ ಸಲ ಆ ಮನೆಗೆ ಹೋದ ಬೆಳಿಗ್ಗೆ ಅಲ್ಲಿ ಇದ್ದವರು ಇಷ್ಟು. ಪುಣೆಯ ಲಕ್ಷ್ಮಿ ರಸ್ತೆಯಲ್ಲಿ ಸೀರೆ ಅಂಗಡಿ ಇಟ್ಟುಕೊಂಡಿರುವ ಪಟ್ಟಣಶೆಟ್ಟರು. ಆ ಮನೆಯಿದ್ದ ಹೌಸಿಂಗ್ ಸೊಸಾಯಿಟಿಯದೇ ಮೂರನೇ ಮಹಡಿಯ ಮರಾಠಿ ಹೆಣ್ಣುಮಗಳು ನೀಲಾತಾಯಿ. ಖರಾಡಿಯ ಒಂದು ಐಟಿ ಕಂಪನಿಯಲ್ಲಿ ಕೆಲಸ ಮಾಡುವ, ಮೈಸೂರು ಕಡೆಯ ರಶ್ಮಿ. ನನ್ನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಬಂದಿದ್ದ ನನ್ನ ಹೆಂಡತಿ ಸುಮಿತ್ರಾ. ಅಡುಗೆಮನೆಯ ಬಾಗಿಲಲ್ಲಿ ಒಬ್ಬರು ಕಿವಿಗೆ ಮಫ್ಲರ್ ಸುತ್ತಿಕೊಂಡು ಮರಾಠಿ ಪೇಪರು ಓದುತ್ತಿದ್ದರು. ಅವರು ಮನೆಯ ಯಜಮಾನರು, ಎಲ್ಲರ ಬಾಯಲ್ಲೂ ಬರೀ ‘ರಾಯರು’. ಇಷ್ಟೂ ಜನರ ನಡುವೆ, ಒಂದು ಭಾರೀ ದಿವಾನದ ಅಂಚು ಹಿಡಿದು ಬಗ್ಗಿ ನಿಂತಿದ್ದವರು ಅಕ್ಕಾವರು.

ಯೋಗ ಕಲಿಸುವವರು ಅಂದರೆ ತೆಳ್ಳಗೆ, ಎತ್ತರಕ್ಕೆ, ಬಿಳಿ ಬಟ್ಟೆಯಲ್ಲಿ ಇರುತ್ತಾರೆ ಅಂತ ನನ್ನ ಕಲ್ಪನೆ. ಇವರು ಗಿಡ್ಡ, ಮೈ ತುಂಬಿದವರು. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದರು. ಹಣೆಯ ಮೇಲೆ ಅಗಲವಾದ ಕುಂಕುಮ, ಎದೆಯ ಮೇಲೆ ದಾರಕ್ಕೆ ಕಟ್ಟಿದ ಕನ್ನಡಕ.

“ಬರ್ರಿ ಬರ್ರಿ, ಛಲೋ ಹೊತ್ತಿಗೆ ಬಂದ್ರಿ,” ಎಂದರು, ಹೆಸರೂ ಕೇಳದೆ. “ಆ ಕಡೆ ಹಿಡೀರಿ. ಉಸಿರು ಬಿಟಗೋತ ನೂಕ್ರಿ. ಉಸಿರು ಹಿಡದು ನೂಕಿದ್ರ ದಿವಾನ ಸರಿಯೂದಿಲ್ಲ, ಬೆನ್ನ ಸರೀತದ.”

ನಾನು ನೂಕಿದೆ. ದಿವಾನ ಬಾಲ್ಕನಿಯ ಬಾಗಿಲಿಗೆ ಹೋಗಿ ನಿಂತಿತು. “ಆತು, ಇವತ್ತಿನ ಮೊದಲನೇ ಆಸನ ಮುಗೀತು,” ಎಂದು ಅಕ್ಕಾವರು ಕೈ ಕೊಡವಿಕೊಂಡರು. ದಿವಾನ ಸರಿದ ಮೇಲೆ ಉಳಿದ ಜಾಗದಲ್ಲಿ ಆರು ಚಾಪೆ ಹಿಡಿಯುತ್ತಿತ್ತು. ಏಳನೆಯದು ಹಾಸಿದರೆ ಒಬ್ಬರ ಕಾಲು ಇನ್ನೊಬ್ಬರ ತಲೆಗೆ. ಆ ಹಾಲ್ ಎಷ್ಟೋ ಅವರ ಕ್ಲಾಸು ಅಷ್ಟೇ. ಕೊನೆಯವರೆಗೂ ಹಾಗೇ ಇತ್ತು.

ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕಾವರು ಅನ್ನುವುದು ರೂಢಿ. ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದ ಇವರು ಇಲ್ಲಿಯ ಕನ್ನಡ ಸಾಲಿಯೊಂದರಲ್ಲಿ ಬಹಳ ವರ್ಷ ಸಣ್ಣ ಮಕ್ಕಳಿಗೆ ಕಲಿಸಿದ್ದರು. ಸಾಲಿ ಬಿಟ್ಟ ಮೇಲೂ ಆ ಹೆಸರು ಬಿಡಲಿಲ್ಲ. ನೀಲಾತಾಯಿಗೆ ಕನ್ನಡ ಬಾರದು. ಅವರೂ ‘ಅಕ್ಕಾವರ್’ ಎಂದೇ ಕರೆಯುತ್ತಿದ್ದರು. ರಶ್ಮಿ ಒಬ್ಬಳೇ ‘ಆಂಟಿ’ ಅನ್ನುತ್ತಿದ್ದಳು. “ಆಂಟಿ ಅಂದ್ರ ನನಗ ವಯಸ್ಸಾಧಂಗ ಅನಸ್ತದವಾ,” ಎಂದು ಎಪ್ಪತ್ತರ ಹತ್ತಿರದ ಆ ಹೆಂಗಸು ಆಗಾಗ ತಕರಾರು ಮಾಡುತ್ತಿದ್ದರು.

ನಾನು ಅಲ್ಲಿಗೆ ಹೋದ ಕಾರಣ ಹೇಳಿಬಿಡುತ್ತೇನೆ. ನನ್ನ ನೌಕರಿಯೆಲ್ಲ ದೌಂಡಿನಲ್ಲಿ, ರೈಲ್ವೆಯಲ್ಲಿ ಆಯಿತು. ದಿನಾ ಬೆಳಿಗ್ಗೆ ಪುಣೆಯಿಂದ ಹೋಗಿ ಸಂಜೆ ತಿರುಗಿ ಬರುವುದು. ಅಷ್ಟು ವರ್ಷ ಗಾಡಿ ಹತ್ತಿ ಇಳಿದವನಿಗೆ ಏನೂ ಆಗಲಿಲ್ಲ. ನಿವೃತ್ತಿಯಾಗಿ ಮನೆಯಲ್ಲಿ ಕೂತ ಮೇಲೆ ಒಂದು ದೀಪಾವಳಿಗೆ ಸ್ಟೂಲ್ ಹತ್ತಿ ಲಾಫ್ಟಿನ ಮೇಲಿನ ಪಾತ್ರೆ ಇಳಿಸಲು ಹೋಗಿ ಬಿದ್ದೆ. ಸುಮಿತ್ರಾ ಪೇಟೆಗೆ ಹೋಗಿದ್ದಳು. ಅವಳು ಬರುವವರೆಗೂ ನೆಲದ ಮೇಲೆಯೇ ಇದ್ದೆ. ಎಲುಬು ಮುರಿದಿರಲಿಲ್ಲ, ಆದರೂ ಏಳಲಾಗಲಿಲ್ಲ. ಪಕ್ಕದ ಮನೆಯ ಕುಕ್ಕರಿನ ಸೀಟಿ ಕೇಳುತ್ತಿತ್ತು, ಲಿಫ್ಟಿನ ಬಾಗಿಲು ಮುಚ್ಚಿದ್ದು ಕೇಳುತ್ತಿತ್ತು, ಕೂಗಲು ನಾಚಿಕೆ. ಅವತ್ತಿನಿಂದ ನೆಲ ಅಂದರೆ ನನಗೆ ಭಯ. ಡಾಕ್ಟರು ಎಲ್ಲ ಸರಿಯಿದೆ ಅಂದರು. ಮೊಣಕಾಲೂ ಸೊಂಟವೂ ಹೌದು ಅಂದವು. ನಾನು ಮಾತ್ರ ಒಪ್ಪಲಿಲ್ಲ. ಊಟ ಮೇಜಿನ ಮೇಲೆ, ಪೂಜೆ ಕುರ್ಚಿಯ ಮೇಲೆ. ಚಪ್ಪಲಿ ಕೂಡ ನಿಂತೇ ಹಾಕಿಕೊಳ್ಳುತ್ತಿದ್ದೆ.

ಇಷ್ಟೇ ಆಗಿದ್ದರೆ ಹಾಗೇ ನಡೆದುಹೋಗುತ್ತಿತ್ತೋ ಏನೋ. ನಮ್ಮ ಮನೆದೇವರು ಜೇಜುರಿಯ ಖಂಡೋಬಾ. ಚಂಪಾಷಷ್ಠಿಯ ದಿನ ಮನೆಯಲ್ಲಿ ತಳಿ ಎತ್ತಬೇಕು. ತಾಮ್ರದ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಕೊಬ್ಬರಿ, ಭಂಡಾರವೆನ್ನುವ ಅರಿಶಿನಪುಡಿ ಇಟ್ಟು, ಕಂಬಳಿಯ ಮೇಲೆ ಐದು ಗಂಡಸರು ಸುತ್ತ ಕೂತು ತಟ್ಟೆಗೆ ಕೈ ಹಚ್ಚಿ, ‘ಯೆಳಕೋಟ ಯೆಳಕೋಟ’ ಎಂದು ಕೂಗುತ್ತ ಮೇಲೆತ್ತುವುದು. ಹಿರಿಯರ ಕೈ ಮೊದಲು. ಅಪ್ಪ ಹೋದ ಮೇಲೆ ನಮ್ಮಲ್ಲಿ ಹಿರಿಯ ನಾನು. ನಾನು ಬಿದ್ದ ವರ್ಷ, ಷಷ್ಠಿಯ ದಿನ ಎಲ್ಲರೂ ಕೂತರು. ನಾನು ಕುರ್ಚಿಯ ಹಿಂದೆ ನಿಂತೆ. “ಅಣ್ಣಾ, ಖುರ್ಚಿ ಮ್ಯಾಲೆ ಕೂತು ಬಗ್ಗಿ ಕೈ ಹಚ್ಚು,” ಎಂದ ತಮ್ಮ ಶ್ರೀಪಾದ. ಬಗ್ಗಿದೆ. ಕೈ ತಟ್ಟೆಯವರೆಗೆ ಹೋಗಲಿಲ್ಲ. ಐದು ತುಂಬಲಿ ಅಂತ ಶ್ರೀಪಾದನ ಅಳಿಯನನ್ನು ನನ್ನ ಜಾಗದಲ್ಲಿ ಕೂಡ್ರಿಸಿದರು. ಅವರ ಮನೆದೇವರು ವೆಂಕಟರಮಣ. ಎಲ್ಲರೂ ‘ಯೆಳಕೋಟ’ ಎಂದಾಗ ಆ ಪುಣ್ಯಾತ್ಮ ಅಭ್ಯಾಸಬಲದಿಂದ ‘ಗೋವಿಂದಾ’ ಎಂದುಬಿಟ್ಟ. ಮನೆತುಂಬ ನಗು. ನಾನೂ ನಕ್ಕೆ. ಅವತ್ತು ಮಾಡಿದ ಬದನೆಕಾಯಿ ಭರ್ತ ಮಾತ್ರ ನನಗೆ ರುಚಿ ಹತ್ತಲಿಲ್ಲ. ಸುಮಿತ್ರಾಳಿಗೆ ಅದು ತಿಳಿಯಿತು. ಮರುವಾರವೇ, ತಾನು ಮೊದಲಿಂದ ಹೋಗುತ್ತಿದ್ದ ಅಕ್ಕಾವರ ಮನೆಗೆ ನನ್ನನ್ನೂ ಎಳೆದು ತಂದಳು.

ನನ್ನ ಕತೆ ಕೇಳಿ ಅಕ್ಕಾವರು ಅಯ್ಯೋ ಅನ್ನಲಿಲ್ಲ. ಎಲ್ಲ ಸರಿಹೋಗ್ತದ ಅಂತ ಮಾತೂ ಕೊಡಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

“ಯಾವುದಕ್ಕ ಅಂಜತೀರಿ? ಕೂಡಲಿಕ್ಕೋ, ಏಳಲಿಕ್ಕೋ?”

ಅಲ್ಲಿಯವರೆಗೆ ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ. ನಾನೇ ಕೇಳಿಕೊಂಡಿರಲಿಲ್ಲ. “ಏಳಲಿಕ್ಕರಿ,” ಎಂದೆ.

“ಹಂಗಾದ್ರ ಕೂಡೂದು ಆಮ್ಯಾಲೆ ಕಲಸ್ತೀನಿ. ಮೊದಲ ಏಳೂದು ಕಲೀರಿ. ಅಲ್ಲಿತನಕ ನೀವು ದಿವಾನದ ಮ್ಯಾಲೆ ಮಲಗ್ರಿ.” ಹೀಗೆ ಆ ಕ್ಲಾಸಿನಲ್ಲಿ ನನ್ನೊಬ್ಬನಿಗೇ ದಿವಾನ ಸಿಕ್ಕಿತು. “ದೌಂಡ ಅಣ್ಣಾರು ಸ್ಲೀಪರ್ ಕೋಚಿನಾಗ ಬಂದಾರ,” ಎಂದು ಪಟ್ಟಣಶೆಟ್ಟರು ಛೇಡಿಸಿದರು. ಅಕ್ಕಾವರು ಆ ಹೆಸರನ್ನು ಎತ್ತಿಕೊಂಡರು. ಅವತ್ತಿನಿಂದ ನಾನು ದೌಂಡ ಅಣ್ಣ.

ಅಕ್ಕಾವರ ಬಾಯಲ್ಲಿ ಸಂಸ್ಕೃತದ ಹೆಸರುಗಳು ಬರುತ್ತಿದ್ದುದು ಕಡಿಮೆ. ಕೈ ಮೇಲೆತ್ತಿ ತುದಿಗಾಲಲ್ಲಿ ನಿಲ್ಲುವುದು ‘ಮ್ಯಾಲಿನ ಡಬ್ಬಿ’. ಕಾಲು ಚಾಚಿ ಕೂತು ಸೊಂಟ ತಿರುಗಿಸುವುದು ‘ಬೀಸೂಕಲ್ಲು’. “ನೀಲಾತಾಯಿ, ಡಬಾ ಕಾಢಾ, ವರಚಾ ಡಬಾ,” ಎಂದು ಮರಾಠಿಯಲ್ಲಿ ಹೇಳಿ, ಅದೇ ಉಸಿರಿಗೆ ನಮ್ಮತ್ತ ತಿರುಗಿ, “ಪಟ್ಟಣಶೆಟ್ಟರ, ನಿಮ್ಮ ಡಬ್ಬಿಯೊಳಗ ಲಾಡು ಅವ ಅಂತ ತಿಳೀರಿ, ಆಗ ಕೈ ಮ್ಯಾಲೆ ಹೋಗ್ತಾವ,” ಅನ್ನುವರು. ಕೊನೆಗೆ ಅಂಗಾತ ಮಲಗುವುದಕ್ಕೆ ಎಲ್ಲರೂ ಶವಾಸನ ಅನ್ನುತ್ತಾರೆ. ಇವರು ಅನ್ನಗೊಡುತ್ತಿರಲಿಲ್ಲ. “ಬೆಳಿಗ್ಗೆ ಎದ್ದು ಅದೇನು ಹೆಸರು! ಮಧ್ಯಾಹ್ನದ ನಿದ್ದಿ ಅನ್ರಿ.” ಪಟ್ಟಣಶೆಟ್ಟರು ಆ ಮಾತನ್ನು ಅಕ್ಷರಶಃ ಪಾಲಿಸುತ್ತಿದ್ದರು. ಅವರ ಗೊರಕೆಗೆ ರಶ್ಮಿ ನಗು ತಡೆಯಲಾರದೆ ಮಗ್ಗುಲಾದರೆ, “ಸುಮ್ನಿರವಾ. ಅವರು ವಾರದಾಗ ನೆಟ್ಟಗ ಮಾಡೂದು ಇದೊಂದ,” ಎಂದು ಅಕ್ಕಾವರು ಪಿಸುಗುಡುತ್ತಿದ್ದರು.

ಅವರು ಕಲಿಸುವಾಗ ನಮ್ಮನ್ನು ನೋಡುತ್ತಿದ್ದುದಕ್ಕಿಂತ ಕೇಳುತ್ತಿದ್ದುದು ಹೆಚ್ಚು. ಕಣ್ಣು ಮುಚ್ಚಿ, ತಲೆಯನ್ನು ಎಡಕ್ಕೆ ಓರೆ ಮಾಡಿ ನಿಲ್ಲುವರು, ಒಲೆಯ ಮೇಲಿನ ಒಗ್ಗರಣೆಗೆ ಕಿವಿಗೊಟ್ಟವರ ಹಾಗೆ. ಬೆಳಗಿನ ಹೊತ್ತು, ಹೊರಗೆ ಇನ್ನೂ ರಿಕ್ಷಾಗಳ ಸದ್ದಿಲ್ಲ. ನಮ್ಮ ಐದು ಜನರ ಉಸಿರು ಆ ಹಾಲಿನಲ್ಲಿ ಬೇರೆ ಬೇರೆಯಾಗಿ ಕೇಳಿಸುತ್ತಿತ್ತು. “ಪಟ್ಟಣಶೆಟ್ಟರ, ಉಸಿರು ಹಿಡದೀರಿ. ಅದು ಗಲ್ಲಾಪೆಟ್ಟಿಗಿ ಅಲ್ಲ, ಬಿಡ್ರಿ.” “ರಶ್ಮಿ, ರಾತ್ರಿ ಮಲಗಿಲ್ಲ ನೀ.” ರಶ್ಮಿ ಕಣ್ಣು ಬಿಟ್ಟು, “ಅಯ್ಯೋ ಆಂಟಿ, ಹೇಗೆ ಗೊತ್ತಾಯ್ತು? ಎರಡು ಗಂಟೆವರೆಗೂ ಕಾಲ್ ಇತ್ತು,” ಅನ್ನುವಳು. “ನಿನ್ನ ಉಸಿರು ಮೆಟ್ಟಲಾ ಏರೇರಿ ಇಳೀಲಿಕ್ಕೆ ಹತ್ತ್ಯದ. ಇವತ್ತ ಏನೂ ಮಾಡಬ್ಯಾಡ. ಸುಮ್ನ ಮಲಕೋ.” ಅವಳು ಅವತ್ತು ಇಡೀ ಕ್ಲಾಸು ಮಲಗಿದಳು. ಕ್ಲಾಸಿಗೆ ಬಂದು ಏನೂ ಮಾಡದೆ ಹೋಗುವುದಕ್ಕೂ ಅಲ್ಲಿ ಅನುಮತಿ ಇತ್ತು. ಆ ಅನುಮತಿಯಿಂದಲೇ ಅವಳಿಗೆ ನಿಧಾನವಾಗಿ ನಿದ್ದೆ ಹತ್ತಲು ಶುರುವಾಯಿತು ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ನೀಲಾತಾಯಿಗೆ ಭುಜ ಹಿಡಿದುಕೊಂಡಿತ್ತು. ತಮ್ಮ ತುರುಬು ತಾವು ಕಟ್ಟಿಕೊಳ್ಳಲಾಗದೆ ಸೊಸೆಯ ಮುಂದೆ ತಲೆಬಗ್ಗಿಸಿ ಕೂಡಬೇಕಾಗಿತ್ತು. ಆ ಸೊಸೆಗೂ ಇವರಿಗೂ ಮಾತುಕತೆ ಅಷ್ಟಕ್ಕಷ್ಟೇ. ಒಂದು ಬೆಳಿಗ್ಗೆ ಕೂದಲು ಸ್ವಲ್ಪ ವಾರೆಯಾಗಿ, ಪಿನ್ನು ಅಲ್ಲಲ್ಲಿ ಹೊರಗೆ ಇಣುಕುತ್ತ, ಮೇಲೆ ಒಂದು ಗಜರಾ ಮುಡಿದು ಬಂದರು. ಅಕ್ಕಾವರು ಹಿಂದೆ ಹೋಗಿ ನಿಂತು ನೋಡಿ, “ವಾಕಡಾ ಆಹೇ, ಪಣ ತುಮಚಾ ಆಹೇ,” ಎಂದರು. ಸೊಟ್ಟ ಇದೆ, ಆದರೆ ನಿಮ್ಮದು. ನೀಲಾತಾಯಿ ಅಳುತ್ತ ನಕ್ಕರು.

ಅವರಲ್ಲಿ ಕೊರತೆ ಇರಲಿಲ್ಲವೆಂದಲ್ಲ. ಹಟ ಬಹಳ. ಸೊಸಾಯಿಟಿಯ ಸುದ್ದಿಯೆಲ್ಲ ಬೇಕು. ಯಾರ ಮನೆಯಲ್ಲಿ ಯಾವ ಸೊಸೆ ಎಷ್ಟು ಹೊತ್ತಿಗೆ ಎದ್ದಳು ಎಂಬುದು ಬೀಸೂಕಲ್ಲಿನ ಜೊತೆ ಬೀಸಿಹೋಗುತ್ತಿತ್ತು. ನಮ್ಮಲ್ಲಿ ಯಾರಾದರೂ ಮೊಬೈಲಿನಲ್ಲಿ ಬೇರೆ ಯಾರದೋ ಯೋಗ ನೋಡಿದೆ ಎಂದರೆ ಅವತ್ತು ಚಹಾ ತಣ್ಣಗೆ ಸಿಗುತ್ತಿತ್ತು. ಇನ್ನೊಂದು, ಅವರಿಗೆ ಪದ್ಮಾಸನ ಬರುತ್ತಿರಲಿಲ್ಲ. ಮೊಣಕಾಲು ನೋವು. ಅದನ್ನು ಮುಚ್ಚಿಟ್ಟವರೂ ಅಲ್ಲ. “ನನಗ ಬರೂದಿಲ್ಲರಿ. ಬಂದವರು ಹಾಕ್ರಿ, ನಾ ನೋಡಿ ಖುಷಿ ಪಡ್ತೀನಿ,” ಅನ್ನುವರು.

ರಾಯರು ಇಷ್ಟು ವರ್ಷದಲ್ಲಿ ಒಂದು ದಿನವೂ ಚಾಪೆಯ ಮೇಲೆ ಕೂತವರಲ್ಲ. ಕ್ಲಾಸು ಮುಗಿಯುವ ಹೊತ್ತಿಗೆ ಚಹಾ ಮಾಡುವುದು ಅವರ ಕೆಲಸ. ಹಸಿಶುಂಠಿ ಕುದಿಯುವ ವಾಸನೆ ಬಂತೆಂದರೆ ಮಧ್ಯಾಹ್ನದ ನಿದ್ದೆ ಮುಗಿಯಿತು ಎಂದರ್ಥ. “ನೀವ್ಯಾಕ್ರಿ ಯೋಗ ಮಾಡೂದಿಲ್ಲ?” ಎಂದು ನಾನು ಒಮ್ಮೆ ಕೇಳಿದೆ. “ಇಕಿ ಜೋಡಿ ಸಂಸಾರ ಮಾಡೀನಲ್ರಿ,” ಎಂದರು ರಾಯರು, ಪೇಪರಿನಿಂದ ಕಣ್ಣೆತ್ತದೆ. ಅಡುಗೆಮನೆಯವರೆಗೆ ಕೇಳುವಂತೆ ಅಕ್ಕಾವರು, “ಇನ್ನೂ ಉಸಿರು ಬಿಡೂದು ಕಲಿತಿಲ್ಲ ನೋಡ್ರಿ ಅವರು, ಬರೇ ಬುಸುಗುಡ್ತಾರ,” ಎಂದರು.

ಕ್ಲಾಸು ಯಾಕೆ ದೊಡ್ಡದು ಮಾಡಲಿಲ್ಲ ಎಂಬುದಕ್ಕೆ ಒಂದು ಕತೆ ಇದೆ. ನಾನು ಸೇರುವುದಕ್ಕೆ ಮೊದಲು ನಡೆದದ್ದು, ಸುಮಿತ್ರಾ ಕಣ್ಣಾರೆ ಕಂಡದ್ದು. ಯೋಗ ದಿನಕ್ಕೆ ಸೊಸಾಯಿಟಿಯ ಸೆಕ್ರೆಟರಿ ಬಂದು ಗಂಟುಬಿದ್ದು ಇವರನ್ನು ಗಚ್ಚಿಯ ಮೇಲೆ, ಅಂದರೆ ತಾರಸಿಯಲ್ಲಿ, ನಿಲ್ಲಿಸಿದರು. ಮೈಕು, ಬ್ಯಾನರು, ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು. ಗಚ್ಚಿ ತುಂಬ ಜನ. ಅಕ್ಕಾವರು ಮೈಕು ಹಿಡಿದು ಶುರುಮಾಡಿದರು. ಸ್ವಲ್ಪ ಹೊತ್ತಿಗೆ ಅವರ ಕಣ್ಣು ಹಿಂದಿನ ಸಾಲಿನ ಒಬ್ಬರ ಮೇಲೆ ಹೋಯಿತು. ಮುಖ ಕೆಂಪಾಗಿ, ಕೊರಳ ನರ ಉಬ್ಬಿ, ಆ ಮನುಷ್ಯ ಮೈಕು ಹೇಳಿದ್ದಕ್ಕೆಲ್ಲ ಉಸಿರು ಬಿಗಿಹಿಡಿದು ಮಾಡುತ್ತಿದ್ದ. ಪಕ್ಕದವನಿಗಿಂತ ಹೆಚ್ಚು ಬಗ್ಗಬೇಕೆಂಬ ಹಟ ಬೇರೆ. ಅವನತ್ತ ಹೋಗೋಣವೆಂದರೆ ನಡುವೆ ಸಾಲು ಸಾಲು ಕಾಲು. ಮೈಕಿನಲ್ಲಿ ಹೇಳಿದರೆ ಎಲ್ಲರೂ ತಮಗೇ ಅಂದುಕೊಳ್ಳುತ್ತಾರೆ. ಇವರು, “ಬಸಾ. ಸಗಳೇ ಬಸಾ. ಶೇಜಾರ್‍ಯಾಂಶೀ ಗಪ್ಪಾ ಮಾರಾ,” ಎಂದರು. ಎಲ್ಲರೂ ಕೂಡ್ರಿ, ಪಕ್ಕದವರ ಜೊತೆ ಹರಟೆ ಹೊಡೀರಿ. ಮೈಕನ್ನು ಸೆಕ್ರೆಟರಿಯ ಕೈಯಲ್ಲಿಟ್ಟು, ಸೀರೆ ಎತ್ತಿ ಹಿಡಿದು, ಕಾಲುಗಳನ್ನು ದಾಟಿಕೊಂಡು ಆ ಮನುಷ್ಯನ ಹತ್ತಿರ ಹೋಗಿ ಬೆನ್ನ ಮೇಲೆ ಕೈಯಿಟ್ಟು ಕೂತುಬಿಟ್ಟರು. ಆ ದಿನದ ಯೋಗ ಅಲ್ಲಿಗೇ ಮುಗಿಯಿತು. ಸೆಕ್ರೆಟರಿ ಬಹಳ ದಿನ ಮಾತು ಬಿಟ್ಟಿದ್ದರಂತೆ.

ಮುಂದೆ ರಶ್ಮಿಯೂ ಒಮ್ಮೆ ಕೇಳಿದಳು. “ಆಂಟಿ, ನಮ್ಮ ಆಫೀಸಲ್ಲಿ ವೆಲ್‌ನೆಸ್ ವೀಕ್ ಮಾಡ್ತಿದ್ದಾರೆ. ದೊಡ್ಡ ಹಾಲ್ ಇದೆ, ಎಸಿ ಇದೆ, ಕ್ಯಾಬ್ ಕಳಿಸ್ತಾರೆ. ನೀವು ಬನ್ನಿ, ಪ್ಲೀಸ್.”

“ಎಷ್ಟ ಮಂದಿ?”

“ಇನ್ನೂರು ಜನ ಇರಬಹುದು.”

“ಅಷ್ಟು ಮಂದಿ ಉಸಿರು ನನಗ ಕೇಳೂದಿಲ್ಲವಾ. ಕೇಳಲಿಲ್ಲ ಅಂದ್ರ ನಾ ಯಾರಿಗೆ ಕಲಸ್ಲಿ? ಗ್ವಾಡಿಗೇ? ನಿಮ್ಮ ಆಫೀಸಿನಾಗ ಸಣ್ಣ ಖೋಲಿ ಇಲ್ಲೇನು? ಐದಾರು ಮಂದಿ ಕೂಡೂವಂಥಾದ್ದು? ಅಲ್ಲಿಗಾದ್ರ ಬರ್ತೀನಿ.”

“ಇದೆ ಆಂಟಿ, ಮೀಟಿಂಗ್ ರೂಮ್. ಆದ್ರೆ ಅದು ಯಾವಾಗಲೂ ಬುಕ್ ಆಗಿರುತ್ತೆ.”

“ನೋಡು ಮತ್ತ. ಬೈಸ್ಕೊಳ್ಳಿಕ್ಕೆ ಸಣ್ಣ ಖೋಲಿ, ಉಸಿರಾಡಲಿಕ್ಕೆ ದೊಡ್ಡ ಹಾಲು!” ರಶ್ಮಿ ಆ ಮಾತನ್ನು ಆಫೀಸಿನಲ್ಲಿ ಹೇಳಿದಳಂತೆ. ನಕ್ಕರಂತೆ. ಕ್ಯಾಬು ಬರಲಿಲ್ಲ.

ಇನ್ನು ನನ್ನ ವಿಷಯ. ಕೆಲವು ವಾರ ದಿವಾನದ ಮೇಲಿಂದಲೇ ಏಳುವುದನ್ನು ಕಲಿಸಿದರು. “ಮಗ್ಗಲಾಗ್ರಿ. ಕೈ ಊರ್ರಿ. ಮೊಣಕಾಲಿಗೆ ಬರ್ರಿ. ಅಲ್ಲೇ ನಿಂದರ್ರಿ. ಅವಸರ ಏನದ, ಗಾಡಿ ಹೋಗ್ತದೇನು?” ಆಮೇಲೆ ದಿವಾನದಿಂದ ನನ್ನನ್ನು ಇಳಿಸಿ, ನೆಲದ ಮೇಲೆ ಗಾದಿಗಳನ್ನು ಮಡಚಿ ಒಂದರ ಮೇಲೊಂದು ಪೇರಿಸಿದರು. ಮನೆಯ ಹತ್ತಿಯ ಗಾದಿಗಳು, ರಾಯರ ಹಾಸಿಗೆಯ ಗಾದಿಯೂ ಸೇರಿ. “ನನ್ನ ಗಾದಿ ಇಸಗೊಂಡು ಇವರನ್ನ ಪಟ್ಟಕ್ಕ ಕೂಡ್ಸೀದಿ,” ಎಂದು ರಾಯರು ಗೊಣಗಿದರು. ಆ ಪೇರಿನ ಎತ್ತರ ಹೆಚ್ಚುಕಡಿಮೆ ಕುರ್ಚಿಯಷ್ಟೇ. ಅಂಜಿಕೆಯಾಗಲಿಲ್ಲ. ಕೂತೆ, ಮಗ್ಗಲಾದೆ, ಕೈಯೂರಿ ಎದ್ದೆ. ದಿನಾ ಅದೇ.

ಹೀಗೆ ಮಳೆಗಾಲ ಕಳೆಯಿತು. ಒಂದು ದಿನ ಕ್ಲಾಸು ಮುಗಿದು ಚಹಾ ಕುಡಿಯುವಾಗ ಪಟ್ಟಣಶೆಟ್ಟರು, “ಅಲ್ಲರಿ ಅಕ್ಕಾವ್ರ, ಇನ್ನ ಎರಡ ಉಳದಾವ. ಇವುನ್ನ ಯಾವಾಗ ತಗೀತೀರಿ?” ಎಂದುಬಿಟ್ಟರು. ಸುಮಿತ್ರಾ ಅವರತ್ತ ಕಣ್ಣು ಬಿಟ್ಟಳು. ನೀಲಾತಾಯಿ ಸೆರಗು ಬಾಯಿಗೆ ಹಿಡಿದರು. ನಾನು ತಿರುಗಿ ಗಾದಿಗಳನ್ನು ನೋಡಿದೆ. ಎರಡೇ! ಮೊದಲು ಎಷ್ಟಿತ್ತು, ಯಾವಾಗ ಯಾವುದು ಹೋಯಿತು, ನನಗೆ ಗೊತ್ತಿಲ್ಲ. ನಾನು ಮಾತಿನಲ್ಲಿ ಮೈಮರೆತಿದ್ದಾಗ, ನಕ್ಕು ಕಣ್ಣೊರೆಸಿಕೊಳ್ಳುವಾಗ, ಒಂದೊಂದಾಗಿ ತೆಗೆದಿದ್ದರು. ಇಡೀ ಕ್ಲಾಸಿಗೆ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ. ತಾನು ಆಡಿದ್ದು ತಪ್ಪಾಯಿತೆಂದು ಪಟ್ಟಣಶೆಟ್ಟರು ಚಹಾದ ಬಟ್ಟಲಲ್ಲಿ ಮುಖವಿಟ್ಟರು.

ನನಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ಹಳೆಯ ಅಂಜಿಕೆ ಧುತ್ತೆಂದು ಬಂದು ಕೂತಿತು. “ಏನ್ರಿ ಇದು, ಸಣ್ಣ ಹುಡುಗರಿಗೆ ಮಾಡಿಧಂಗ ಮಾಡೀರಿ,” ಎಂದೆ.

“ಸಣ್ಣ ಹುಡುಗರಿಗೇ ಅಲ್ಲೇನ್ರಿ ನಾ ಇಷ್ಟು ವರ್ಷ ಕಲಿಸಿದ್ದು,” ಎಂದರು ಅಕ್ಕಾವರು. “ಇಳದೀರಲ್ಲ, ಮತ್ತ ಸಿಟ್ಟು ಯಾಕ? ನಿಮ್ಮ ಮೈ ಅಂಜಿಲ್ಲ ದೌಂಡ ಅಣ್ಣಾರ. ನಿಮ್ಮ ಕಣ್ಣು ಅಂಜ್ಯಾವ. ಅವುಕ್ಕ ಹೇಳದ ನಾ ಮೈ ಜೋಡಿ ಮಾತಾಡೀನಿ ಅಷ್ಟ.”

ಮರುದಿನ ನಾನು ಹೋಗಲಿಲ್ಲ. ಅದರ ಮರುದಿನ ಬಾಗಿಲ ಗಂಟೆ ಬಡಿಯಿತು. ತೆರೆದರೆ ಪಟ್ಟಣಶೆಟ್ಟರು, ಬೆಳ್ಳಂಬೆಳಿಗ್ಗೆ, ಸ್ನಾನವಿಲ್ಲದೆ. “ದಿವಾನ ಸರಿಸಲಿಕ್ಕೆ ಮಂದಿ ಕಡಿಮಿ ಬಿದ್ದಾರ, ಬರಬೇಕಂತ,” ಎಂದರು. ದಿವಾನವನ್ನು ಇಬ್ಬರು ಸರಿಸಬಹುದೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಹೋದೆ. ಅವತ್ತು ಅಕ್ಕಾವರು ನನ್ನ ಕಣ್ಣೆದುರಿಗೇ ಒಂದು ಗಾದಿ ತೆಗೆದರು. ಕೂತಾಗ ಬೆವೆತೆ. ಏಳುವಾಗ ನೀಲಾತಾಯಿಯ ನೋವಿಲ್ಲದ ಭುಜ ಹಿಡಿದೆ. ಭುಜ ಹಿಡಿದೇ ಕೆಲವು ದಿನ ನಡೆಯಿತು, ಆಮೇಲೆ ಅದೂ ಬಿಟ್ಟಿತು. ಮುಂದೊಂದು ದಿನ ನಾನೇ, “ಇನ್ನೊಂದ ಉಳದದ ಅಕ್ಕಾವ್ರ,” ಎಂದೆ. ನವರಾತ್ರಿಯ ರಜೆಗೆ ಮುಂಚಿನ ಕೊನೆಯ ಕ್ಲಾಸು ಅದು.

“ಅದನ್ನ ನಾ ತಗಿಯೂದಿಲ್ಲ,” ಎಂದರು. “ನಿಮಗ ಯಾವಾಗ ಬ್ಯಾಡ ಅನಸ್ತದ ಆವಾಗ ನೀವ ತಗೀರಿ. ಷಷ್ಠಿ ಇನ್ನೂ ದೂರ ಅದ.”

ದಸರೆಯ ನಂತರ ಎರಡು ದಿನ ಬಿಟ್ಟು ಬೆಳಿಗ್ಗೆ ರಾಯರ ಫೋನು ಬಂತು. ಸುಮಿತ್ರಾ ಎತ್ತಿದಳು. ಕ್ಲಾಸು ಎಂದಿನಿಂದ ಅಂತ ಹೇಳಲು ಮಾಡಿರಬೇಕು ಎಂದುಕೊಂಡೆ. ಅವಳು ಫೋನು ಹಿಡಿದುಕೊಂಡೇ ಕೂತಳು. ರಾತ್ರಿ ಮಲಗಿದ ಅಕ್ಕಾವರು ಬೆಳಿಗ್ಗೆ ಏಳಲಿಲ್ಲವಂತೆ. ಹೃದಯ ನಿಂತಿತ್ತು.

ಸೊಸಾಯಿಟಿಯ ಕೆಳಗೆ ನಿಂತಿದ್ದ ಜನರಲ್ಲಿ ಯಾರೋ, ದಿನಾ ಯೋಗ ಮಾಡುವವರು ಹೀಗೆ ಹೋದರೆ ಮಾಡದವರ ಗತಿಯೇನು ಎಂದರು. ಅದೇ ಧಾಟಿಯಲ್ಲಿ ರಶ್ಮಿ ಒಮ್ಮೆ ಅಕ್ಕಾವರನ್ನೇ ಕೇಳಿದ್ದಳು, ಯೋಗ ಮಾಡಿದರೆ ಎಷ್ಟು ವರ್ಷ ಜಾಸ್ತಿ ಬದುಕಬಹುದು ಅಂತ. ಅವರು ಹೇಳಿದ್ದು ಆಗ ನನಗೆ ನೆನಪಾಯಿತು: “ಸಾಯೂದಿಲ್ಲ ಅಂತ ನಾ ಎಲ್ಲಿ ಹೇಳೀನಿ? ಇರೂತನಕ ನನ್ನ ಕುಪ್ಪಸದ ಗುಂಡಿ ನಾನ ಹಾಕ್ಕೋಬೇಕು. ಅಷ್ಟಕ್ಕ ಮಾಡೂದು.” ಆ ಗುಂಪಿಗೆ ಇದನ್ನು ಹೇಳಬೇಕೆನಿಸಿತು. ಅವರನ್ನು ದಾಟಿ ಮೆಟ್ಟಿಲು ಹತ್ತಿದೆ.

ಕ್ಲಾಸು ನಿಂತಿತು. ನಾನು ಮನೆಯಲ್ಲಿ ಮಾಡಲಿಲ್ಲ. ಸುಮಿತ್ರಾ ಚಾಪೆ ಹಾಸಿ ಕರೆದರೆ ನಾಳೆ ಅನ್ನುತ್ತಿದ್ದೆ. ಒಂದು ಸಲ ಹಾಲಿನಲ್ಲಿ ಯಾರೂ ಇಲ್ಲದಾಗ ಕೂಡಲು ನೋಡಿದೆ. ಅರ್ಧಕ್ಕೆ ಹೋದ ಮೇಲೆ ಆ ದೀಪಾವಳಿಯ ನೆಲ ಕಣ್ಣಿಗೆ ಬಂತು. ಸೋಫಾ ಹಿಡಿದು ಮೇಲೆ ಬಂದೆ. ಅಕ್ಕಾವರ ಮನೆಯಲ್ಲಿ ಐದು ಮಂದಿಯ ಮಾತು, ನಗು, ಗೊರಕೆ, ಅಡುಗೆಮನೆಯ ಶುಂಠಿ ಇತ್ತು. ಇಲ್ಲಿ ನಾನು ಮತ್ತು ನೆಲ ಇಬ್ಬರೇ. ಷಷ್ಠಿ ಹತ್ತಿರ ಬಂತು. ಶ್ರೀಪಾದ ಫೋನು ಮಾಡಿ, “ಅಣ್ಣಾ, ಅಳಿಯಂದ್ರಿಗೆ ಈ ಸಲ ಯೆಳಕೋಟ ಬಾಯಿಪಾಠ ಮಾಡಿಸೀನಿ,” ಎಂದು ನಕ್ಕ. ಒಳ್ಳೆಯದಾಯಿತು ಎಂದೆ.

ಷಷ್ಠಿಯ ದಿನ ಎಲ್ಲರೂ ಬಂದರು. ಸಜ್ಜಿರೊಟ್ಟಿ, ಭರ್ತ, ಉಳ್ಳಾಗಡ್ಡಿಯ ನೈವೇದ್ಯವಾಯಿತು. ಸುಮಿತ್ರಾ ಕಂಬಳಿ ಹಾಸಿ ತಟ್ಟೆ ತಂದಿಟ್ಟಳು. ನನ್ನ ತಮ್ಮಂದಿರಿಬ್ಬರು, ಶ್ರೀಪಾದನ ಮಗ, ಚಿಕ್ಕಪ್ಪನ ಮಗ ಕೂತರು. ಅಳಿಯ ಪ್ಯಾಂಟಿನ ಮೊಣಕಾಲು ಎಳೆದುಕೊಂಡು ಕೂಡಲು ಸಿದ್ಧನಾದ. ಆಗ ಬಾಗಿಲಲ್ಲಿ ಪಟ್ಟಣಶೆಟ್ಟರು, ನೀಲಾತಾಯಿ, ಹಿಂದೆ ರಶ್ಮಿ ಕಾಣಿಸಿದರು. ಪ್ರಸಾದಕ್ಕೆ ಬರ್ರಿ ಎಂದು ಸುಮಿತ್ರಾ ನನಗೆ ಹೇಳದೆ ಕರೆದಿದ್ದಳು. ಅವರು ಯಾರೂ ನನ್ನತ್ತ ನೋಡಲಿಲ್ಲ. ಬಂದವರೇ ಗೋಡೆಯ ಪಕ್ಕದಲ್ಲಿ, ನೆಲದ ಮೇಲೆ, ಕ್ಲಾಸಿನಲ್ಲಿ ಕೂತ ಹಾಗೆ ಸಾಲಾಗಿ ಕೂತು ತಮ್ಮತಮ್ಮಲ್ಲೇ ಮಾತಿಗೆ ಶುರುಮಾಡಿದರು. ನೀಲಾತಾಯಿಯ ಸೊಸೆಗೆ ಏನೋ ಹೊಸ ನೌಕರಿ ಸಿಕ್ಕಿತ್ತು. ಪಟ್ಟಣಶೆಟ್ಟರ ಅಂಗಡಿಗೆ ಬಂದ ಗಿರಾಕಿಯೊಬ್ಬಳು ಒಂದು ಸೀರೆ ಕೊಳ್ಳಲು ಅಂಗಡಿಯನ್ನೆಲ್ಲ ಬಿಚ್ಚಿಸಿ ಕೊನೆಗೆ ಕರವಸ್ತ್ರ ಒಯ್ದಿದ್ದಳು. ನಾನೂ ಕೇಳುತ್ತಿದ್ದೆ. ಕರವಸ್ತ್ರಕ್ಕೆ ನಗು ಬಂತು.

“ತಡೀರಿ ಅಳಿಯಂದ್ರ,” ಎಂದೆ.

ಕುರ್ಚಿ ಸರಿಸಿ ಒಂದು ಮೊಣಕಾಲು ಊರಿದೆ. ಆಮೇಲೆ ಇನ್ನೊಂದು. ಕಂಬಳಿ ತೆಳ್ಳಗಿತ್ತು, ಕೆಳಗಿನ ಫರಸಿಕಲ್ಲಿನ ತಂಪು ತಿಳಿಯುತ್ತಿತ್ತು. ಕೂತೆ. ಶ್ರೀಪಾದ ನನ್ನ ಮುಖ ನೋಡಿ ತಟ್ಟೆಯನ್ನು ನನ್ನತ್ತ ಸ್ವಲ್ಪ ಸರಿಸಿದ. ಕೈ ಹಚ್ಚಿದೆ. ನನ್ನ ಕೈಯ ಮೇಲೆ ಉಳಿದವರದು ಬಂತು. ತಟ್ಟೆ ಮೇಲೆದ್ದಾಗ ಎಲ್ಲರಿಗಿಂತ ಜೋರಾಗಿ ‘ಯೆಳಕೋಟ’ ಎಂದದ್ದು ಅಳಿಯ. ಭಂಡಾರ ಎಲ್ಲರ ಹಣೆಗೆ ಹತ್ತಿತು. ಕೊಬ್ಬರಿ ಹಂಚುತ್ತ ಒಬ್ಬೊಬ್ಬರೇ ಎದ್ದು ಹೋದರು. ಶ್ರೀಪಾದ ನನ್ನತ್ತ ಕೈ ಚಾಚಿದ. “ನಡಿ, ಬರ್ತೀನಿ,” ಎಂದೆ. ಅವರೆಲ್ಲ ಎಲೆಯ ಮುಂದೆ ಕೂಡುವವರೆಗೆ ಕಂಬಳಿಯ ಮೇಲೆಯೇ ಇದ್ದೆ.

ಸಂಜೆ ಭಂಡಾರದ ಪೊಟ್ಟಣ, ಒಂದು ಡಬ್ಬಿಯಲ್ಲಿ ಭರ್ತ, ನಾಲ್ಕು ರೊಟ್ಟಿ ಕಟ್ಟಿಸಿಕೊಂಡು ರಾಯರ ಮನೆಗೆ ಹೋದೆ. ಮಫ್ಲರ್ ಹಾಗೇ ಇತ್ತು. ಪೇಪರು ಮಡಚಿಟ್ಟು ಕೈಯೊಡ್ಡಿದರು. ಭಂಡಾರ ಹಾಕಿದೆ. ಒಂದು ಚಿಟಿಕೆ ಹಣೆಗೆ ಹಚ್ಚಿಕೊಂಡರು.

“ಕೂತ್ರೇನು?” ಎಂದರು.

“ಕೂತೆ.”

“ಎದ್ರೇನು?”

“ಎದ್ದ ಬಂದೀನಲ್ರಿ.”

ರಾಯರು ಬುಸುಗುಡದೆ, ಬಾಯಿಂದ ಉದ್ದವಾಗಿ ಉಸಿರು ಬಿಟ್ಟು, ಚಹಾ ಇಡಲು ಒಳಗೆ ಹೋದರು.